ಚೀಟಿ ಅಗ್ಗ, ದಿನ ದುಬಾರಿ

ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿಗೆ ಹೆಚ್ಚಿನ ಕಡೆ ಐದೋ ಹತ್ತೋ ರೂಪಾಯಿ. ಕೆಲವು ಕಡೆ ಅದೂ ಇಲ್ಲ. ಆದರೂ ಮೂರು ವಾರದಿಂದ ಕೆಮ್ಮುತ್ತಿರುವ ಕೃಷಿ ಕೂಲಿಯ ಹೆಂಗಸು ಆಸ್ಪತ್ರೆಯ ಮೆಟ್ಟಿಲು ಹತ್ತಿರುವುದಿಲ್ಲ. ಯಾಕೆ ಎಂದು ಕೇಳಿದರೆ ‘ಬಿಡುವೇ ಆಗಲಿಲ್ಲ’ ಎನ್ನುತ್ತಾಳೆ. ಕೇಳಿದವರು ಅದನ್ನು ಅಸಡ್ಡೆ ಎಂದುಕೊಳ್ಳುತ್ತಾರೆ, ತಿಳಿವಳಿಕೆ ಸಾಲದು ಎಂದುಕೊಳ್ಳುತ್ತಾರೆ. ನನಗೆ ಅದು ಬಾಯಿಲೆಕ್ಕದಂತೆ ಕೇಳಿಸುತ್ತದೆ.

ಆ ಲೆಕ್ಕವನ್ನು ಬಿಡಿಸಿ ನೋಡಬಹುದು. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ 2025–26ರಲ್ಲಿ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ವೈದ್ಯರಿಗೆ ತೋರಿಸಿ, ರಕ್ತಕ್ಕೆ ಕೊಟ್ಟು ಬರುವಷ್ಟರಲ್ಲಿ ಒಂದು ದಿನ ಹೋಯಿತು. ರಿಪೋರ್ಟ್ ಮರುದಿನ ಬನ್ನಿ ಎಂದರೆ ಇನ್ನೊಂದು ದಿನ. ಅಲ್ಲಿಗೆ 740 ರೂಪಾಯಿ ಕೈತಪ್ಪಿತು. ಜೊತೆಗೆ ಗಂಡನೋ ಮಗನೋ ಬಂದಿದ್ದರೆ ಅವರ ಕೂಲಿಯೂ ಇಲ್ಲ. ಮಾತ್ರೆಯನ್ನು ಹೊರಗೆ ಬರೆದುಕೊಟ್ಟರೆ ಮೆಡಿಕಲ್ ಶಾಪಿನ ಬಿಲ್ಲು ಬೇರೆ. ಕಳೆ ತೆಗೆಯುವ ಹಂಗಾಮಿನಲ್ಲಿ ಎರಡು ದಿನ ತಪ್ಪಿಸಿಕೊಂಡವಳನ್ನು ಮೂರನೆಯ ದಿನ ಕರೆಯುತ್ತಾರೆಂಬ ಭರವಸೆಯೂ ಇಲ್ಲ. ಹತ್ತು ರೂಪಾಯಿ ಚೀಟಿಯ ಹಿಂದೆ ಇಷ್ಟೆಲ್ಲ ಇದೆ. ಯಾರು ಎಷ್ಟು ಸಲ ವೈದ್ಯರನ್ನು ಕಾಣುತ್ತಾರೆ ಎಂಬುದನ್ನು ನಿರ್ಧರಿಸುವುದು ಹೆಚ್ಚಿನಂಶ ಈ ಹಿಂದಿನ ಲೆಕ್ಕವೇ. ನೂರು ವರ್ಷಕ್ಕೂ ಮಿಕ್ಕಿ ನಮ್ಮ ಸರ್ಕಾರಗಳು ಚೀಟಿಯ ಬೆಲೆಯನ್ನು ಇಳಿಸಿದವು, ಏರಿಸಿದವು, ಮತ್ತೆ ಇಳಿಸಿದವು. ಕಳೆದುಹೋಗುವ ದಿನದ ಬೆಲೆಯನ್ನು ಕೇಳಿದ್ದು ಬಹಳ ಅಪರೂಪ.

ಹಳೆಯ ಮೈಸೂರು ಸಂಸ್ಥಾನದಲ್ಲಿ ದುಡ್ಡಿಗಿಂತ ಮೊದಲು ಅಡ್ಡ ಬಂದದ್ದು ಭಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗ ರೋಗಿಗಳನ್ನು ಮನೆಯಿಂದ ಎತ್ತಿಕೊಂಡು ಹೋಗಿ ಪ್ರತ್ಯೇಕ ಶಿಬಿರಗಳಲ್ಲಿ ಇಡಲಾಯಿತು. ಮನೆಗಳನ್ನು ತೆರವು ಮಾಡಿಸಲಾಯಿತು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ಈ ಕ್ರಮಗಳ ವಿರುದ್ಧ ದಂಗೆ ಎದ್ದರು. ಆಸ್ಪತ್ರೆ ಎಂದರೆ ಹೋದವರು ಮರಳಿ ಬಾರದ ಜಾಗ ಎಂಬ ಮಾತು ಹಳ್ಳಿಗಳಲ್ಲಿ ಬೇರೂರಿತು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು, ಹರಕೆ ಹೊತ್ತರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಕಾಯಿಲೆ ಬಿದ್ದವನನ್ನು ಮನೆಯವರಿಂದ ಕಿತ್ತುಕೊಂಡು ಹೋಗುವ ಸರ್ಕಾರ ಒಂದು ಕಡೆ, ಊರಿನವರೇ ಸೇರಿ ಪೂಜಿಸುವ ದೇವತೆ ಇನ್ನೊಂದು ಕಡೆ ಇದ್ದಾಗ ಜನ ಯಾರ ಹತ್ತಿರ ಹೋಗುತ್ತಾರೆ ಎಂಬುದನ್ನೂ ಯೋಚಿಸಬೇಕು.

1900ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಶುರುವಾಯಿತು. ಮೈಸೂರಿನಲ್ಲಿ 1906ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಮಿಷನ್ ಆಸ್ಪತ್ರೆ ತೆರೆಯಿತು. ಈ ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಗಂಡು ವೈದ್ಯರ ಮುಂದೆ ಮೈ ತೋರಿಸಲು ಒಪ್ಪದ ಮನೆತನಗಳ ಹೆಣ್ಣುಮಕ್ಕಳು ಅಲ್ಲಿಗೆ ಬರಲು ಸಾಧ್ಯವಾಯಿತು. ಚಿಕಿತ್ಸೆಯನ್ನು ಯಾರು ಕೊಡುತ್ತಾರೆ, ಎಂಥ ಜಾಗದಲ್ಲಿ ಕೊಡುತ್ತಾರೆ ಎಂಬುದರ ಮೇಲೂ ಜನ ಬರುವುದು ಬಿಡುವುದು ನಿಂತಿದೆ ಎಂದು ಆಗಲೇ ಗೊತ್ತಾಗಿತ್ತು. ಆದರೆ ಇವೆಲ್ಲ ಪಟ್ಟಣದ ಮಾತು. ಹಳ್ಳಿಯವರ ಪಾಲಿಗೆ ನಾಟಿ ವೈದ್ಯರು ಇದ್ದರು, ಸೂಲಗಿತ್ತಿ ಇದ್ದಳು. ಅವರಿಗೆ ರಾಗಿಯನ್ನೋ ಕಾಯಿಯನ್ನೋ ಕೊಟ್ಟರೆ ನಡೆಯುತ್ತಿತ್ತು, ಸುಗ್ಗಿಯ ನಂತರ ಕೊಟ್ಟರೂ ನಡೆಯುತ್ತಿತ್ತು. ಸಾಲದ ಮೇಲೆ ಚಿಕಿತ್ಸೆ ಕೊಡುವ ಈ ಸೌಕರ್ಯ ಮುಂದೆ ಯಾವ ಸರ್ಕಾರಿ ಆಸ್ಪತ್ರೆಗೂ ಬರಲಿಲ್ಲ. ಇಂದಿಗೂ ಎಷ್ಟೋ ಊರುಗಳಲ್ಲಿ ಪದವಿಯಿಲ್ಲದ ‘ಆರ್‌ಎಂಪಿ ಡಾಕ್ಟರ’ರ ಅಂಗಡಿ ನಡೆಯುತ್ತಿರುವುದಕ್ಕೆ ಇದೇ ದೊಡ್ಡ ಕಾರಣ. ಅವರು ಸಂಜೆ ಸಿಗುತ್ತಾರೆ, ಹೆಸರು ಹಿಡಿದು ಮಾತನಾಡಿಸುತ್ತಾರೆ, ‘ಬಟವಾಡೆ ಆದಮೇಲೆ ಕೊಡಿ’ ಎನ್ನುತ್ತಾರೆ. ಬೇಕಿಲ್ಲದ ಸೂಜಿ, ಬೇಕಿಲ್ಲದ ಗ್ಲೂಕೋಸ್ ಹಾಕುತ್ತಾರೆ ಎಂಬುದೂ ನಿಜ, ಅದರಿಂದ ಜೀವ ಹೋದದ್ದೂ ಉಂಟು. ಅವರನ್ನು ಹಿಡಿದು ದಂಡ ಹಾಕಿದ ಮಾತ್ರಕ್ಕೆ ಅವರ ಬಾಗಿಲಲ್ಲಿ ನಿಂತಿದ್ದ ರೋಗಿ ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾನೆ ಎಂದೇನೂ ಇಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಹೇಳಲು ನೇಮಿಸಿದ್ದ ಜೋಸೆಫ್ ಭೋರ್ ಸಮಿತಿ ತನ್ನ ವರದಿ ಕೊಟ್ಟಿತು. ಹಣ ಕೊಡಲಾಗದ ಕಾರಣಕ್ಕೆ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದು, ಆರೋಗ್ಯ ಸೇವೆ ಜನರಿಗೆ ಆದಷ್ಟು ಹತ್ತಿರವಿರಬೇಕು ಎಂಬುದು ಅದರ ತಿರುಳು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬರತೊಡಗಿದವು. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಎಂಬ ಲೆಕ್ಕ ಮುಂದೆ ಬಂದಿತು. ಒಳ್ಳೆಯ ಆಲೋಚನೆ. ಆದರೆ ಈ ಕೇಂದ್ರಗಳಿಗೆ ಮೇಲಿನಿಂದ ಬಂದ ಕೆಲಸವೇ ಬೇರೆಯಾಯಿತು. ಮಲೇರಿಯಾ, ಆಮೇಲೆ ಕುಟುಂಬ ಯೋಜನೆ, ಅದರ ಗುರಿ, ಗುರಿ ಮುಟ್ಟದಿದ್ದರೆ ನೋಟಿಸು. 1975–77ರ ತುರ್ತುಪರಿಸ್ಥಿತಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಒತ್ತಾಯ ಮಿತಿ ಮೀರಿದಾಗ ಸರ್ಕಾರಿ ಜೀಪು ಕಂಡರೆ ಗಂಡಸರು ಹೊಲಕ್ಕೆ ಓಡುತ್ತಿದ್ದ ಕಥೆಗಳನ್ನು ಹಿರಿಯರು ಹೇಳುತ್ತಾರೆ. ಪ್ಲೇಗ್ ಕಾಲದ ಭಯ ಹೊಸ ರೂಪದಲ್ಲಿ ಮರಳಿತು.

ಅದೇ 1952ರ ಫೆಬ್ರುವರಿಯಲ್ಲಿ ಇನ್ನೊಂದು ಏರ್ಪಾಟು ಶುರುವಾಗಿತ್ತು. ಅದು ಕಾರ್ಮಿಕರ ರಾಜ್ಯ ವಿಮೆ, ಅಂದರೆ ನಾವೆಲ್ಲ ಹೇಳುವ ಇಎಸ್‌ಐ. ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧಿಯಷ್ಟೇ ಸಾಲದು, ಅವನು ಕಳೆದುಕೊಳ್ಳುವ ಸಂಬಳವನ್ನೂ ತುಂಬಿಕೊಡಬೇಕು ಎಂದು ಅದು ಒಪ್ಪಿಕೊಂಡಿತು. ಇಂದಿಗೂ ಇಎಸ್‌ಐನಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳವಿರುವ, ನೋಂದಾಯಿತ ಸಂಸ್ಥೆಯಲ್ಲಿ ದುಡಿಯುವವರಿಗೆ ಮಾತ್ರ ಅದು. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವಳು ಅದರೊಳಗೆ ಬರುತ್ತಾಳೆ. ಅವಳ ಪಕ್ಕದ ಮನೆಯಲ್ಲಿದ್ದು ನಾಲ್ಕು ಮನೆಗಳ ಪಾತ್ರೆ ತೊಳೆಯುವವಳು ಬರುವುದಿಲ್ಲ, ಬಿಡಿಯಾಗಿ ದುಡಿಯುವ ಗಾರೆ ಕೆಲಸದವನು ಬರುವುದಿಲ್ಲ, ಕೃಷಿ ಕೂಲಿಯಂತೂ ಬರುವುದೇ ಇಲ್ಲ. ಹೀಗಾಗಿ ಕಳೆದ ದಿನಕ್ಕೆ ಬೆಲೆ ಕಟ್ಟುವ ತಿಳಿವಳಿಕೆ ಕಾರ್ಖಾನೆಯ ಗೇಟಿನೊಳಗೇ ಉಳಿಯಿತು.

ದುಡ್ಡಿನ ಮಾತು ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಗಳಲ್ಲಿ. ಚಿಕಿತ್ಸೆ ಪಡೆಯದೆ ಬಿಟ್ಟ ಕಾಯಿಲೆಗಳಿಗೆ ಕಾರಣ ಕೇಳಿದಾಗ, 1986–87ರಲ್ಲಿ ದೇಶದ ಗ್ರಾಮೀಣ ಭಾಗದಲ್ಲಿ ಶೇ 15ರಷ್ಟು ಪ್ರಕರಣಗಳಲ್ಲಿ ಹಣದ ತೊಂದರೆ ಎಂಬ ಉತ್ತರ ಬಂದಿತ್ತು. 1995–96ರಲ್ಲಿ ಅದು ಶೇ 24 ಆಯಿತು, 2004ರ ಹೊತ್ತಿಗೆ ಶೇ 28. ಉದಾರೀಕರಣದ ನಂತರದ ವರ್ಷಗಳು ಇವು. ಔಷಧಿಯ ಬೆಲೆ ಏರಿತ್ತು, ಖಾಸಗಿ ನರ್ಸಿಂಗ್ ಹೋಮ್‌ಗಳು ತಾಲ್ಲೂಕು ಕೇಂದ್ರಗಳವರೆಗೂ ಬಂದಿದ್ದವು, ಸರ್ಕಾರಿ ಆಸ್ಪತ್ರೆಗಳು ಸೊರಗಿದ್ದವು. ಅದೇ ಹೊತ್ತಿಗೆ, 1996ರಲ್ಲಿ, ವಿಶ್ವಬ್ಯಾಂಕ್ ನೆರವಿನ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಕರ್ನಾಟಕಕ್ಕೆ ಬಂದಿತು. ಆಸ್ಪತ್ರೆ ಕಟ್ಟಡಗಳು ಸುಧಾರಿಸಿದವು, ಜೊತೆಗೆ ಬಳಕೆದಾರರ ಶುಲ್ಕವೂ ಬಂದಿತು. ಬಡವರಿಗೆ ವಿನಾಯಿತಿ ಇತ್ತು. ಆದರೆ ವಿನಾಯಿತಿಗೆ ಕಾರ್ಡು ತೋರಿಸಬೇಕು, ಕಾರ್ಡು ಇಲ್ಲದವರು ಗುಮಾಸ್ತರ ಮುಂದೆ ತಾವು ಬಡವರೆಂದು ಸಾಬೀತು ಮಾಡಬೇಕು. ಹತ್ತು ಜನರ ಎದುರು ಕೌಂಟರಿನಲ್ಲಿ ತನ್ನ ಬಡತನವನ್ನು ವಾದಿಸಿ ಗೆಲ್ಲಬೇಕಾದವಳು ಮುಂದಿನ ಸಲ ಮನೆಯಲ್ಲೇ ಶುಂಠಿ ಕಷಾಯ ಕುಡಿದು ಮಲಗುತ್ತಾಳೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿ ಆರೋಗ್ಯ ಇಲಾಖೆಯ ಭ್ರಷ್ಟಾಚಾರವನ್ನು ಮುಚ್ಚುಮರೆಯಿಲ್ಲದೆ ಎತ್ತಿ ತೋರಿಸಿತು. ಪುಕ್ಕಟೆ ಎಂದು ಗೋಡೆಯ ಮೇಲೆ ಬರೆದಿದ್ದರೂ ಹೆರಿಗೆ ವಾರ್ಡಿನಲ್ಲಿ ಗಂಡು ಮಗುವಿಗೆ ಇಷ್ಟು, ಹೆಣ್ಣು ಮಗುವಿಗೆ ಇಷ್ಟು ಎಂದು ಕೈಚಾಚುವ ಪದ್ಧತಿ ರೋಗಿಗಳಿಗೆ ಹೊಸದಾಗಿರಲಿಲ್ಲ.

ಹಣವನ್ನು ಬಹುಪಾಲು ತೆಗೆದುಹಾಕಿದ ದೇಶದಲ್ಲೂ ಸಮಸ್ಯೆ ಮುಗಿದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬ್ರಿಟನ್ನಿನಲ್ಲಿ 1948ರಿಂದ ಚಿಕಿತ್ಸೆ ಉಚಿತ. ಅಲ್ಲಿನ ವೇಲ್ಸ್‌ನ ಕಲ್ಲಿದ್ದಲು ಗಣಿಯ ಊರೊಂದರಲ್ಲಿ ದುಡಿಯುತ್ತಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು 1971ರಲ್ಲಿ ಬರೆದರು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಹಿಡಿತ ಹೆಚ್ಚಿದಷ್ಟೂ ಇದು ಹೆಚ್ಚು. ನಮ್ಮಲ್ಲಿ ಇದನ್ನು ನಕ್ಷೆಯ ಮೇಲೆಯೇ ನೋಡಬಹುದು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ರಾಯಚೂರು, ಯಾದಗಿರಿ, ಕಲಬುರಗಿಯವರು ದೊಡ್ಡ ಕಾಯಿಲೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವುದು, ಬೆಳಗಾವಿ ಸೀಮೆಯವರು ಮಿರಜ್‌ಗೆ ಹೋಗುವುದು ತಲೆಮಾರುಗಳಿಂದ ನಡೆದು ಬಂದಿದೆ. ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ನಾಲ್ಕೂ ದಿಕ್ಕಿಗೆ ಓಡುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಳೆಯಲ್ಲಿ ಜಾರಿ ಉರುಳಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಬೀದಿಗೆ ಬಂದಿತು.

2003ರಿಂದಾಚೆಗಿನ ಇಪ್ಪತ್ತು ವರ್ಷ ವಿಮೆಯ ಕಾಲ. ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂದಿತು. ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾವಿರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗೆ ರಕ್ಷಣೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದರೊಡನೆ ಬೆಸೆದುಕೊಂಡ ಆಯುಷ್ಮಾನ್ ಭಾರತ್, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಇವು ಜೀವ ಉಳಿಸಿವೆ, ಅದರಲ್ಲಿ ಅನುಮಾನವಿಲ್ಲ. ಆರೋಗ್ಯಶ್ರೀ ಮೊದಲು ಉತ್ತರ ಭಾಗದಲ್ಲಷ್ಟೇ ಜಾರಿಯಾಗಿದ್ದಾಗ, ಅದರ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬಂದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆ ಇತ್ತು. ಇದನ್ನು ಓದುವಾಗ ಒಂದು ವಿವರ ತಪ್ಪಿಹೋಗಬಾರದು. ಆ ಯೋಜನೆಯಲ್ಲಿ ಹಳ್ಳಿಗಳ ಹತ್ತಿರವೇ ಶಿಬಿರ ನಡೆಸಿ ರೋಗಿಗಳನ್ನು ಹುಡುಕುತ್ತಿದ್ದರು, ದೊಡ್ಡ ಆಸ್ಪತ್ರೆಯಲ್ಲಿ ದಾರಿ ತೋರಿಸಲು ಆರೋಗ್ಯಮಿತ್ರರಿದ್ದರು. ಕಾರ್ಡಿನ ಜೊತೆ ಮನುಷ್ಯರೂ ಕೆಲಸ ಮಾಡಿದ್ದರು.

ಆದರೆ ಈ ಎಲ್ಲ ವಿಮೆಗಳ ಜೀವಾಳ ಹಾಸಿಗೆ ಹಿಡಿದ ಮೇಲಿನ ಚಿಕಿತ್ಸೆ. ಮಂಡಿನೋವಿಗೆ, ಸಕ್ಕರೆ ಕಾಯಿಲೆಗೆ, ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯರನ್ನು ಕಾಣುವ ಖರ್ಚು ಬಹುಪಾಲು ಮನೆಯವರದೇ. ಹೃದಯ ಕೆಟ್ಟ ಮೇಲೆ ಲಕ್ಷ ರೂಪಾಯಿ ಕೊಡುತ್ತೇವೆ, ಅದು ಕೆಡದಂತೆ ತಿಂಗಳಿಗೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುವ ದಿನಕ್ಕೆ ಕೊಡುವುದಿಲ್ಲ. ಇದು ನನ್ನನ್ನು ಕಾಡುವ ಸಂಗತಿ.

ಆ ದಿನಕ್ಕೆ ಬೆಲೆ ಕಟ್ಟಿದ ಪ್ರಯೋಗವೊಂದು ನಮ್ಮ ರಾಜ್ಯದಲ್ಲೇ ನಡೆದಿತ್ತು, ಈಗ ಹೆಚ್ಚಿನವರಿಗೆ ಅದರ ನೆನಪಿಲ್ಲ. ಕರುಣಾ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ 2002ರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ಮತ್ತು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕುಗಳಲ್ಲಿ ಸಣ್ಣದೊಂದು ಸಮುದಾಯ ವಿಮೆ ಶುರುಮಾಡಿತು. ವರ್ಷಕ್ಕೆ ಇಪ್ಪತ್ತು ರೂಪಾಯಿ ಆಸುಪಾಸಿನ ಕಂತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾದವರಿಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟದ ಪರಿಹಾರ, ಇನ್ನೊಂದು 50 ರೂಪಾಯಿ ಔಷಧಿಗೆ. ಚಿಕಿತ್ಸೆ ಹೇಗೂ ಉಚಿತವಿತ್ತು. ಅದಕ್ಕೆ ವಿಮೆ ಮಾಡಿಸುವ ಬದಲು, ಬಡವನು ಆಸ್ಪತ್ರೆಯಿಂದ ಅರ್ಧಕ್ಕೇ ಎದ್ದು ಹೋಗುವುದು ಯಾಕೆ ಎಂದು ಕೇಳಿ ಅದಕ್ಕೆ ವಿಮೆ ಮಾಡಿಸಿದರು. ಆಗಿನ 50 ರೂಪಾಯಿ ಎಂದರೆ ಹೊಲದಲ್ಲಿ ದುಡಿಯುವವರಿಗೆ ಮನೆಗೆ ಅಕ್ಕಿ ಬೇಳೆ ತರುವ ಹಣ. ದೊಡ್ಡ ಯೋಜನೆಗಳು ಬಂದ ಮೇಲೆ ಈ ಆಲೋಚನೆ ಬದಿಗೆ ಸರಿಯಿತು. ಲಕ್ಷಗಳ ಮಾತಿನ ನಡುವೆ 50 ರೂಪಾಯಿ ಯಾರ ಕಣ್ಣಿಗೂ ಬೀಳಲಿಲ್ಲ.

ಹಣ, ದೂರ, ದಿನಗೂಲಿ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮನೆಯೊಳಗಿನ ಮಾತು ಬಿಟ್ಟುಹೋಗುತ್ತದೆ. ಒಂದೇ ಮನೆಯಲ್ಲಿ ಒಂದೇ ಆದಾಯವಿದ್ದರೂ ಗಂಡನ ಎದೆನೋವಿಗೆ ಅಂದೇ ಬಾಡಿಗೆ ಕಾರು ಬರುತ್ತದೆ, ಹೆಂಡತಿಯ ಬಿಳಿಮುಟ್ಟಿಗೆ ಆರು ತಿಂಗಳು ಹೋಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನು ನೇರವಾಗಿ ಕೇಳುತ್ತದೆ: ಆಸ್ಪತ್ರೆಗೆ ಹೋಗಲು ಮನೆಯವರ ಅನುಮತಿ, ಹಣ, ದೂರ, ವಾಹನ, ಒಬ್ಬಳೇ ಹೋಗುವ ಅಂಜಿಕೆ, ಹೆಣ್ಣು ವೈದ್ಯೆ ಇಲ್ಲದಿರುವುದು, ಇವುಗಳಲ್ಲಿ ಯಾವುದು ತೊಂದರೆ? 2019–21ರ ಸಮೀಕ್ಷೆಯಲ್ಲಿ ದೇಶದ ಶೇ 60ರಷ್ಟು ಹೆಂಗಸರು ಒಂದಾದರೂ ತೊಂದರೆಯಿದೆ ಎಂದರು. ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಸುಮಾರು 24 ಲಕ್ಷ ಹೊರರೋಗಿಗಳ ದಾಖಲೆಯನ್ನು ಜರಡಿ ಹಿಡಿದವರು ಬರಬೇಕಿದ್ದ 4 ಲಕ್ಷಕ್ಕೂ ಹೆಚ್ಚು ಹೆಂಗಸರ ಭೇಟಿಗಳು ಕಾಣೆಯಾಗಿವೆ ಎಂದು ಅಂದಾಜಿಸಿದರು. ಊರು ದೂರವಾದಷ್ಟೂ, ವಯಸ್ಸು ತೀರ ಕಡಿಮೆಯಾದಷ್ಟೂ ಅಥವಾ ಹೆಚ್ಚಾದಷ್ಟೂ ಹೆಣ್ಣು ರೋಗಿಗಳ ಪಾಲು ಕುಗ್ಗುತ್ತಿತ್ತು.

ಇದಕ್ಕೆ ಇನ್ನೊಂದು ಪದರವಿದೆ. ಯಾವುದು ಕಾಯಿಲೆ ಎಂದು ಒಪ್ಪಿಕೊಳ್ಳುವುದೇ ಸಮಾಜದ ತೀರ್ಮಾನ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು. ಅವರನ್ನು ಕೇಳಿದರೆ ‘ಏನಿಲ್ಲ, ಸ್ವಲ್ಪ ಸುಸ್ತು’ ಎನ್ನುತ್ತಾರೆ. ಅಮ್ಮನಿಗೂ ಸುಸ್ತಿತ್ತು, ಅತ್ತೆಗೂ ಸುಸ್ತಿತ್ತು, ಹಾಗಾಗಿ ಅದು ಕಾಯಿಲೆಯಲ್ಲ. ಸಮೀಕ್ಷೆಯ ಹಾಳೆಯಲ್ಲಿ ಅದು ‘ಗಂಭೀರವಲ್ಲ ಎಂದು ಹೋಗಲಿಲ್ಲ’ ಎಂಬ ಕಲಮಿಗೆ ಸೇರುತ್ತದೆ. ಕೇರಳವನ್ನು ನೋಡಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಹಿಂದಿನ 15 ದಿನಗಳಲ್ಲಿ ಕಾಯಿಲೆ ಇತ್ತು ಎಂದವರು ದೇಶದಲ್ಲಿ ಶೇ 7.5 ಇದ್ದರೆ ಕೇರಳದಲ್ಲಿ ಶೇ 24ರ ಮೇಲಿದ್ದರು. ಕೇರಳದವರು ದೇಶದಲ್ಲಿ ಹೆಚ್ಚು ಕಾಲ ಬದುಕುವವರ ಸಾಲಿನಲ್ಲಿದ್ದಾರೆ. ಅಲ್ಲಿ ಮುದುಕರು ಹೆಚ್ಚು ಎಂಬುದು ಒಂದು ಕಾರಣ. ಓದುಬರಹ ಬಂದವರು, ಹತ್ತಿರದಲ್ಲಿ ಆಸ್ಪತ್ರೆ ಇರುವವರು ತಮ್ಮ ಮೈಯ ಮಾತನ್ನು ಬೇಗ ಕೇಳಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಅಮರ್ತ್ಯ ಸೇನ್ ಇದನ್ನು ಬಹಳ ಹಿಂದೆಯೇ ಎತ್ತಿ ತೋರಿಸಿದ್ದರು.

ಇವೆಲ್ಲ ಬದಲಾಗದ ಸಂಗತಿಗಳೇನೂ ಅಲ್ಲ. ಹೆರಿಗೆಯನ್ನೇ ತೆಗೆದುಕೊಳ್ಳಿ. 2005–06ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ಶೇ 65ರ ಆಸುಪಾಸು, 2019–21ರಲ್ಲಿ ಶೇ 97. ಒಂದೂವರೆ ದಶಕದಲ್ಲಿ ಇಷ್ಟು ದೊಡ್ಡ ಬದಲಾವಣೆ ಬೇರೆ ಯಾವ ಆಸ್ಪತ್ರೆ ಭೇಟಿಯಲ್ಲೂ ನನಗೆ ಕಾಣಿಸಿಲ್ಲ. ಇದು ಒಂದೇ ಕಾರಣದಿಂದ ಆದದ್ದಲ್ಲ. ಊರಿನವಳೇ ಆದ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ಅತ್ತೆಯನ್ನು ಒಪ್ಪಿಸಿದಳು, ಜನನಿ ಸುರಕ್ಷಾ ಯೋಜನೆ ಒಂದಿಷ್ಟು ನಗದು ಕೊಟ್ಟಿತು, 2008ರ ನವೆಂಬರಿನಿಂದ 108 ವಾಹನ ನಡುರಾತ್ರಿಯಲ್ಲೂ ಬಂದು ನಿಂತಿತು. ಅನುಮತಿ, ಹಣ, ವಾಹನ, ಜೊತೆಗಾತಿ ನಾಲ್ಕೂ ಒಟ್ಟಿಗೆ ಸಿಕ್ಕವು. ಆದರೆ ಅದೇ ತಾಯಿಗೆ ಹತ್ತು ವರ್ಷದ ನಂತರ ಗರ್ಭಕೋಶದ ತೊಂದರೆಯೋ ಥೈರಾಯ್ಡೋ ಬಂದಾಗ ಈ ನಾಲ್ಕರಲ್ಲಿ ಒಂದೂ ಅವಳ ಬಳಿ ಇರುವುದಿಲ್ಲ.

2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯನ್ನು ನಾನು ಆರೋಗ್ಯ ಯೋಜನೆಯಾಗಿಯೂ ನೋಡುತ್ತೇನೆ. ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜನ್ನು ಗಂಡನ ಕೈಯಿಂದ ಕೇಳಿ ಪಡೆಯಬೇಕಿದ್ದ ಹೆಂಗಸಿಗೆ ಈಗ ಕೇಳುವ ಅಗತ್ಯವಿಲ್ಲ. ಆಧಾರ್ ಕಾರ್ಡು ಹಿಡಿದು ಬಸ್ ಹತ್ತಿದರಾಯಿತು. ಚಿಕಿತ್ಸೆಯ ಖರ್ಚು ಕಡಿಮೆಯಾಯಿತು ಎಂಬುದಕ್ಕಿಂತ, ಹೋಗುವ ತೀರ್ಮಾನ ಅವಳ ಕೈಗೆ ಬಂದಿತು ಎಂಬುದು ದೊಡ್ಡದು. ಆದರೆ ಬಸ್ಸೇ ಬಾರದ ಊರಿನವಳಿಗೆ ಇದರಿಂದ ಏನೂ ಸಿಗಲಿಲ್ಲ.

ನಗರದ ಬಡವರಿಗಾಗಿ 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ಗಳು ಶುರುವಾದವು, ರಾಜ್ಯಕ್ಕೆ ಒಟ್ಟು 438 ಎಂಬ ಲೆಕ್ಕ. ತಪಾಸಣೆ ಉಚಿತ, ಔಷಧಿ ಉಚಿತ, ಮನೆಯಿಂದ ನಡೆದು ಹೋಗುವಷ್ಟು ದೂರ. ಎಷ್ಟೋ ಕೊಳೆಗೇರಿಗಳಿಗೆ ಇಷ್ಟು ಹತ್ತಿರ ವೈದ್ಯರು ಬಂದದ್ದು ಇದೇ ಮೊದಲು. ಆದರೆ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಮನೆಗೆಲಸದವಳು, ಗಾರೆಯವನು, ಗಾರ್ಮೆಂಟ್ಸ್‌ನವಳು ಕೆಲಸದಲ್ಲಿರುವುದೂ ಸರಿಯಾಗಿ ಅದೇ ಹೊತ್ತು. ಬೆಂಗಳೂರಿನ ಕೆಲವು ಕ್ಲಿನಿಕ್‌ಗಳನ್ನು ರಾತ್ರಿ ಎಂಟರವರೆಗೆ ತೆರೆದಿಡುವ ಏರ್ಪಾಟು ಆಮೇಲೆ ಬಂದಿತು. ಉಳಿದ ಕಡೆ ಆರು ಗಂಟೆಗೆ ಕೆಲಸ ಬಿಟ್ಟು ಬರುವವಳಿಗೆ ಕ್ಲಿನಿಕ್ಕಿನ ಶಟರು ಎಳೆದಿರುತ್ತದೆ, ಎದುರಿನ ಮೆಡಿಕಲ್ ಶಾಪಿನ ದೀಪ ಉರಿಯುತ್ತಿರುತ್ತದೆ. ಅವಳು ಅಲ್ಲಿಯೇ ನಿಂತು, ತಲೆನೋವಿಗೆ ಎರಡು ಮಾತ್ರೆ ಕೊಡಿ ಎಂದು ಕೇಳುತ್ತಾಳೆ. ಅವಳ ರಕ್ತದೊತ್ತಡವನ್ನು ಯಾರೂ ನೋಡುವುದಿಲ್ಲ.